ಬಾಣಂತಿಯ ತಟ್ಟೆಯಲ್ಲಿ ಏನಿತ್ತು: ಲಗ್ಗೆರೆಯ ಒಂದು ಪ್ರಕರಣ

ಮಗುವಿಗೆ ಎರಡೂವರೆ ತಿಂಗಳು. ಹತ್ತು ವಾರದ ಲಸಿಕೆಗೆ ಬರಬೇಕಿತ್ತು, ಬರಲಿಲ್ಲ. ಆರು ವಾರದ ಲಸಿಕೆ ಹಾಕಿಸಿಕೊಂಡು ಹೋದಾಗ ತೂಕ ಚೆನ್ನಾಗಿತ್ತು, ಕೆನ್ನೆ ತುಂಬಿತ್ತು, ಎದೆಹಾಲು ಬಿಟ್ಟು ಬೇರೇನೂ ಕೊಡುತ್ತಿರಲಿಲ್ಲ. ತಾಯಿ ಕಾರ್ಡ್ ತೆಗೆದು ನೋಡಿದರೆ ಗರ್ಭಿಣಿ ತಪಾಸಣೆ ಎಲ್ಲ ಆಗಿದೆ, ಹೆರಿಗೆ ಆಸ್ಪತ್ರೆಯಲ್ಲೇ ಆಗಿದೆ, ಆಶಾ ಕಾರ್ಯಕರ್ತೆ ಮನೆಗೆ ಹೋಗಿ ಬಂದ ದಿನಗಳೂ ದಾಖಲಾಗಿವೆ. ಕಣ್ಣು ನಿಲ್ಲುವಂಥದ್ದು ಒಂದೇ ಇತ್ತು. ಇದು ಎರಡನೇ ಹೆರಿಗೆ, ಆದರೆ ಬದುಕಿರುವ ಮಕ್ಕಳು ಅನ್ನುವ ಕಡೆ ಸೊನ್ನೆ. ಮೊದಲ ಮಗು ಹೇಗೆ ಹೋಯಿತು ಅಂತ ಎಲ್ಲೂ ಬರೆದಿರಲಿಲ್ಲ.

ಬೆಂಗಳೂರಿನ ಲಗ್ಗೆರೆ ಕಡೆಯ ವಠಾರಗಳಲ್ಲಿ ಮನೆ ಮನೆ ಸುತ್ತುವ ನರ್ಸ್ ನಾನು. ಇದು ಒಂದೇ ಮನೆಯ ಪ್ರಕರಣ. ಗುರುತು ಸಿಗಬಾರದು ಅಂತ ಯಾರ ಹೆಸರೂ ಹಾಕಿಲ್ಲ, ಕೆಲವು ಸಣ್ಣಪುಟ್ಟ ವಿವರ ಬದಲಿಸಿದ್ದೇನೆ.

ಮನೆಯವರ ಊರು ಪಾವಗಡದ ಕಡೆ. ಗಂಡ ಗೂಡ್ಸ್ ಆಟೋ ಓಡಿಸುತ್ತಾರೆ. ಹೆಂಡತಿ ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಟೈಲರ್, 26 ವಾರದ ಹೆರಿಗೆ ರಜೆಯಲ್ಲಿದ್ದರು. ಒಂದು ರೂಮು, ಒಂದು ಅಡುಗೆಮನೆ, ಮೇಲೆ ಶೀಟು. ಮೊದಲ ಬಾಣಂತನ ತವರಲ್ಲಿ ಆಗಿತ್ತು. ಈ ಸಲ ಮಾತ್ರ ಹುಡುಗಿಯ ಅಮ್ಮನೇ ಊರು ಬಿಟ್ಟು ಬೆಂಗಳೂರಿಗೆ ಬಂದು ಕೂತಿದ್ದರು, ದೊಡ್ಡ ಆಸ್ಪತ್ರೆ ಹತ್ತಿರ ಇರಲಿ ಅಂತ. ಈ ಮನೆಯಲ್ಲಿ ಅಜ್ಜಿ ಅಂದರೆ ಇವರೇ. ಮುಂದಿನದ್ದೆಲ್ಲ ಇವರ ಸುತ್ತಲೇ ಸುತ್ತುತ್ತದೆ.

ಆಶಾ ಫೋನ್ ಮಾಡಿ, "ಸಿಸ್ಟರ್, ಆ ಮಗು ಯಾಕೋ ಸಪ್ಪಗಿದೆಯಂತೆ, ಎರಡು ದಿನದಿಂದ ಹಾಲು ಸರಿಯಾಗಿ ಕುಡೀತಿಲ್ವಂತೆ, ಕ್ಲಿನಿಕ್‌ನಲ್ಲಿ ನೆಬುಲೈಸರ್ ಇಡಿಸಿಕೊಂಡು ಬಂದಿದ್ದಾರೆ" ಅಂದರು. ಕ್ಲಿನಿಕ್‌ನವರು ಕಫ ಅಂದಿದ್ದರಂತೆ.

ಹೋದಾಗ ಮಧ್ಯಾಹ್ನದ ಊಟದ ಹೊತ್ತು. ಕಿಟಕಿಗೆ ಕಂಬಳಿ, ಮೂಲೆಯಲ್ಲಿ ಸಾಂಬ್ರಾಣಿ, ಬಾಣಂತಿ ತಲೆಗೆ ಸ್ಕಾರ್ಫ್, ಕಿವಿಗೆ ಹತ್ತಿ. ಇದೆಲ್ಲ ಈ ಕಡೆ ಮಾಮೂಲು. ಮಗುವಿಗೆ ಜ್ವರ ಇರಲಿಲ್ಲ. ಅಂಗಿ ಎತ್ತಿ ಗಡಿಯಾರ ಹಿಡಿದು ಪೂರ್ತಿ ಒಂದು ನಿಮಿಷ ಉಸಿರು ಎಣಿಸಿದೆ, ಎಪ್ಪತ್ತರ ಮೇಲೆ ಇತ್ತು. ಎರಡು ತಿಂಗಳು ದಾಟಿದ ಮಗುವಿಗೆ ನಿಮಿಷಕ್ಕೆ 50 ಮುಟ್ಟಿದರೇ ಅದು ವೇಗದ ಉಸಿರು. ಪಕ್ಕೆಯ ಕೆಳಗೆ ಎದೆ ಒಳಕ್ಕೆ ಎಳೆಯುತ್ತಿತ್ತು, ಅಂಗಾಲು ತಣ್ಣಗಿತ್ತು. ಎಲ್ಲಕ್ಕಿಂತ ವಿಚಿತ್ರ ಅನಿಸಿದ್ದು ಅಳು. ಮಗು ಬಾಯಿ ಅಗಲಿಸಿ, ಮುಖ ಕಿವುಚಿ ಅಳುತ್ತಿದೆ, ಆದರೆ ದನಿ ಕಟ್ಟಿದೆ, ಬರೀ ಗೊರಗೊರ ಸದ್ದು.

ಮಗುವನ್ನು ನನ್ನ ಕೈಗೆ ಕೊಡೋಕೆ ಅಂತ ಅಮ್ಮ ಚಾಪೆಯಿಂದ ಎದ್ದರು. ಎದ್ದರು ಅನ್ನೋದಕ್ಕಿಂತ, ಬಾಗಿಲ ಚೌಕಟ್ಟು ಹಿಡಿದು ತಮ್ಮನ್ನು ತಾವೇ ಮೇಲಕ್ಕೆ ಎಳೆದುಕೊಂಡರು. ಏನಾಯ್ತು ಅಂದರೆ, "ಕಾಲು ಜೋಮು ಹಿಡಿದಂಗೆ ಇರುತ್ತೆ ಸಿಸ್ಟರ್, ಹೆರಿಗೆ ಆದ್ಮೇಲೆ ಹಿಂಗೇ." ಅಜ್ಜಿ ಪಕ್ಕದಿಂದ, "ಹಸಿ ಬಾಣಂತಿ ಅಲ್ವಾ, ಶಕ್ತಿ ಎಲ್ಲಿಂದ ಬರ್ಬೇಕು" ಅಂದರು.

ಚಾಪೆಯ ಪಕ್ಕದಲ್ಲಿ ಆಗಷ್ಟೇ ಊಟ ಮಾಡಿದ ಸ್ಟೀಲ್ ತಟ್ಟೆ ಇತ್ತು. ನಾಲ್ಕು ಅಗುಳು ಬೆಳ್ಳನೆಯ ಅನ್ನ, ತುಪ್ಪದ ಪಸೆ, ಅಂಚಿನಲ್ಲಿ ಬಾಣಂತಿ ಖಾರದ ಪುಡಿ. ಬೇಳೆಯ ಗುರುತಿಲ್ಲ, ಸೊಪ್ಪಿಲ್ಲ, ಹಾಲು ಮೊಸರಿಲ್ಲ. ಪಕ್ಕದಲ್ಲಿ ಎಲೆ ಅಡಿಕೆ ತಟ್ಟೆ.

ಬಾಣಂತಿಯನ್ನು "ಏನು ಊಟ ಮಾಡ್ತೀರಾ?" ಅಂತ ಕೇಳಿದರೆ "ಎಲ್ಲಾ ತಿಂತೀನಿ" ಅಂತಲೇ ಉತ್ತರ ಬರುತ್ತದೆ, ಅದರಲ್ಲೂ ಕೇಳೋದು ನರ್ಸ್ ಆದರೆ. ಅವರಿಗೂ ಗೊತ್ತು ನಮಗೆ ಯಾವ ಉತ್ತರ ಬೇಕು ಅಂತ. ತಟ್ಟೆ ಹಾಗೆ ಮಾತಾಡಲ್ಲ. ಅದಕ್ಕೆ ಅಮ್ಮನನ್ನು ಬಿಟ್ಟು ಅಜ್ಜಿಯನ್ನು ಕೇಳಿದೆ, ತಪ್ಪು ಹುಡುಕುವ ದನಿಯಲ್ಲಿ ಅಲ್ಲ, ಅಡುಗೆ ಕೇಳುವ ದನಿಯಲ್ಲಿ. ಅಜ್ಜಿ ಹೆಮ್ಮೆಯಿಂದಲೇ ಹೇಳಿದರು. ಸಣ್ಣಕ್ಕಿ, ಮೂರು ನಾಲ್ಕು ನೀರಲ್ಲಿ ಚೆನ್ನಾಗಿ ತೊಳೆದು, ಜಾಸ್ತಿ ನೀರು ಇಟ್ಟು ಬೇಯಿಸಿ, ಗಂಜಿ ಬಸಿದು ಚೆಲ್ಲುತ್ತಾರೆ. ಗಂಜಿ ಶೀತವಂತೆ. ಕುಕ್ಕರ್ ಅನ್ನ ಬಾಣಂತಿಗೆ ಆಗಲ್ಲ. ಮೂರು ಹೊತ್ತೂ ಅದೇ ಅನ್ನ, ತುಪ್ಪ, ಖಾರದ ಪುಡಿ, ರಾತ್ರಿ ಮೆಣಸು ಜೀರಿಗೆ ಸಾರು. ತೊಗರಿಬೇಳೆ ವಾಯು, ತರಕಾರಿ ನಂಜು, ಹಾಲು ಮೊಸರು ಶೀತ. ನೀರು ಎರಡು ಲೋಟ, ಅದೂ ಕಾಯಿಸಿದ್ದು. ಊಟ ಆದಮೇಲೆ ಎಲೆ ಅಡಿಕೆ. ಹೆರಿಗೆ ಆದ ದಿನದಿಂದ ಹೀಗೆಯೇ. "ಮೂರು ತಿಂಗಳು ತುಂಬಲಿ ಅಂತ ಕಟ್ಟುನಿಟ್ಟಾಗಿ ಮಾಡಿಸ್ತಿದೀನಿ ಕಣಮ್ಮ. ಹೋದ್ಸಲ ಸಡಿಲ ಬಿಟ್ಟಿದ್ದಕ್ಕೇ ಅಲ್ವಾ ಅದು ಹೋಗಿದ್ದು."

ಆಗ ಸೊನ್ನೆಯ ಕಥೆ ಹೊರಗೆ ಬಂತು. ಮೊದಲ ಮಗುವೂ ಗಂಡು, ಅದೂ ಗುಂಡುಗುಂಡಗಿತ್ತು, ಮೂರನೇ ತಿಂಗಳಲ್ಲಿ ಎರಡು ದಿನ ಹಾಲು ಬಿಟ್ಟು, ಏದುಸಿರು ಬಂದು, ದನಿ ಕಟ್ಟಿ ತೀರಿಕೊಂಡಿತ್ತು. ಊರಲ್ಲಿ ಬಾಲಗ್ರಹ ಅಂದರು. ಅಜ್ಜಿಗೆ ಇನ್ನೊಂದು ಕಾರಣವೂ ಸಿಕ್ಕಿತ್ತು, ಪಕ್ಕದ ಮನೆಯವರು ಬಾಣಂತಿಗೆ ಮಜ್ಜಿಗೆ ಕೊಟ್ಟಿದ್ದರು, ಅದೇ ಆಗಿದ್ದು. ಹಾಗಾಗಿ ಈ ಸಲ ಮಜ್ಜಿಗೆಯ ಜೊತೆಗೆ, ಹಿಂದೆ ಹೇಗೋ ನುಸುಳುತ್ತಿದ್ದ ಒಂದಿಷ್ಟು ಸೊಪ್ಪು, ಹೆಸರುಬೇಳೆಯನ್ನೂ ನಿಲ್ಲಿಸಿದ್ದರು.

ಈ ಪ್ರಕರಣದ ತಿರುಳು ನನ್ನ ಪ್ರಕಾರ ಇದೇ. ಮಗು ಹೋಗಿದ್ದು ಪಥ್ಯ ಕಮ್ಮಿಯಾಗಿ ಅಂತ ಮನೆಯವರು ಓದಿಕೊಂಡರು, ಅದರಿಂದ ಎರಡನೇ ಮಗುವಿನ ಕಾಲಕ್ಕೆ ಪಥ್ಯ ಇನ್ನೂ ಬಿಗಿಯಾಯಿತು. ಇದನ್ನು ಮೂಢನಂಬಿಕೆ ಅಂತ ತಳ್ಳಿಹಾಕಿದರೆ ಅಜ್ಜಿ ಮಾಡುತ್ತಿದ್ದ ಲೆಕ್ಕವೇ ಕಾಣಲ್ಲ. ಅವರು ಸತ್ತ ಮಗುವಿನಿಂದ ಪಾಠ ಕಲಿತು, ಈ ಮಗುವನ್ನು ಉಳಿಸಿಕೊಳ್ಳೋಕೆ ತಮಗೆ ಗೊತ್ತಿದ್ದ ಎಲ್ಲವನ್ನೂ ಮಾಡುತ್ತಿದ್ದರು.

ರೋಗಕ್ಕೆ ಹೆಸರಿಡೋದು ನನ್ನ ಕೆಲಸ ಅಲ್ಲ. ಜ್ವರ ಇಲ್ಲದ ಏದುಸಿರು ಅಂದರೆ ಹುಟ್ಟಿನಿಂದ ಬಂದ ಹೃದಯದ ತೊಂದರೆ ಇರಬಹುದು, ಸೋಂಕೂ ಇರಬಹುದು, ಸಣ್ಣ ಮಕ್ಕಳಲ್ಲಿ ಎಷ್ಟೋ ಸಲ ಸೋಂಕಿಗೂ ಜ್ವರ ಬರಲ್ಲ. ತಕ್ಷಣ ದೊಡ್ಡ ಆಸ್ಪತ್ರೆಗೆ ಕಳಿಸಬೇಕು, ಅಷ್ಟು ಖಚಿತ. ಆದರೆ ರೆಫರಲ್ ಚೀಟಿಯಲ್ಲಿ ಸಾಮಾನ್ಯವಾಗಿ ಬರೆಯುವ "ಉಸಿರಾಟದ ತೊಂದರೆ" ಜೊತೆಗೆ ಎರಡು ಸಾಲು ದೊಡ್ಡದಾಗಿ ಬರೆದೆ: ತಾಯಿ ಎರಡೂವರೆ ತಿಂಗಳಿಂದ ಬರೀ ಬಸಿದ ಬಿಳಿ ಅನ್ನ ತಿನ್ನುತ್ತಿದ್ದಾರೆ, ಕಾಲು ಜೋಮು ಇದೆ, ಮೊದಲ ಮಗು ಇದೇ ವಯಸ್ಸಿನಲ್ಲಿ ಇದೇ ಲಕ್ಷಣಗಳಿಂದ ತೀರಿಕೊಂಡಿದೆ. ಆಸ್ಪತ್ರೆಯ ಡಾಕ್ಟರಿಗೆ ಮಗು ಕಾಣುತ್ತದೆ, ಅಡುಗೆಮನೆ ಕಾಣಲ್ಲ. ಅದನ್ನು ಕಂಡವರು ಬರೆದು ಕಳಿಸಬೇಕು.

ಹೊರಡೋಕೆ ಒಂದು ತೊಡಕಿತ್ತು. ಸಂಜೆಗೆ ಯಂತ್ರ ಕಟ್ಟುವವರು ಬರುವವರಿದ್ದರು, ಅಲ್ಲಿಯವರೆಗೆ ಮಗುವನ್ನು ಹೊಸಿಲು ದಾಟಿಸಬಾರದು ಅಂತ ಅಜ್ಜಿ. ಅಳಿಯ ಕೂಗಾಡೋಕೆ ಶುರು ಮಾಡಿದರು. ನಾನು, "ಅಜ್ಜಿ, ಯಂತ್ರ ಕಟ್ಟಿಸೋಣ, ಬೇಡ ಅಂತ ಹೇಳ್ತಿಲ್ಲ. ಆದ್ರೆ ಈ ಉಸಿರು ಸಂಜೆವರೆಗೂ ಕಾಯಲ್ಲ. ಅಳಿಯ ಆಸ್ಪತ್ರೆಗೇ ತಂದುಕೊಡ್ಲಿ, ತೊಟ್ಟಿಲಿಗೇ ಕಟ್ಟೋಣ, ಬಿಚ್ಚಬೇಡಿ ಅಂತ ಅಲ್ಲಿನ ಸಿಸ್ಟರ್‌ಗೆ ನಾನೇ ಹೇಳ್ತೀನಿ" ಅಂದೆ. ಅಜ್ಜಿ ಒಂದು ಕ್ಷಣ ನನ್ನ ಮುಖ ನೋಡಿ, ಹಣೆಗೆ ವಿಭೂತಿ ಇಟ್ಟು ಮಗುವನ್ನು ಕೊಟ್ಟರು. 108 ಬಂತು, ಹೊರಟೆವು. ವಾರ್ಡಿನ ಸಿಸ್ಟರ್‌ಗೆ ಹೇಳಿದೆ, ಅವರೂ ಏನೂ ಅನ್ನಲಿಲ್ಲ.

ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿದಾಗ ಹೃದಯದ ಬಲಭಾಗ ಹಿಗ್ಗಿತ್ತು, ಶ್ವಾಸಕೋಶದ ರಕ್ತನಾಳದಲ್ಲಿ ಒತ್ತಡ ಜಾಸ್ತಿ ಇತ್ತು, ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಏರಿತ್ತು. ಚೀಟಿ ಓದಿದ ಡಾಕ್ಟರ್, ಬೇರೆ ಚಿಕಿತ್ಸೆಯ ಜೊತೆಗೇ ಥಯಾಮಿನ್, ಅಂದರೆ ವಿಟಮಿನ್ ಬಿ1, ರಕ್ತನಾಳಕ್ಕೆ ಕೊಡಿಸಿದರು. ಇದಕ್ಕೆ ರಕ್ತಪರೀಕ್ಷೆಯ ಫಲಿತಾಂಶ ಕಾಯುತ್ತಾ ಕೂರೋದಿಲ್ಲ. ಪರೀಕ್ಷೆ ಎಲ್ಲ ಕಡೆ ಸಿಗಲ್ಲ, ಔಷಧಿ ಅಗ್ಗ, ಕೊಟ್ಟರೆ ಕೆಡಕೂ ಇಲ್ಲ ಅನ್ನುವಷ್ಟು. ಮಾರನೇ ದಿನ ಬೆಳಗ್ಗೆ ಹೊತ್ತಿಗೆ ಮಗು ಹಾಲು ಕುಡಿಯುತ್ತಿತ್ತು. ಉಸಿರು ಇಳಿದಿತ್ತು. ದನಿ ಸರಿಹೋಗೋಕೆ ಮಾತ್ರ ಇನ್ನೂ ಕೆಲವು ದಿನ ಹಿಡಿಯಿತು.

ಬಿ1 ಕೊರತೆಯಿಂದ ಬರುವ, ಬೆರಿಬೆರಿ ಅಂತ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದ ರೋಗ ಇದು. ಜಾವಾದಲ್ಲಿ ಐಕ್‌ಮನ್ ಅನ್ನುವ ಡಚ್ ವೈದ್ಯ 1890ರ ದಶಕದಲ್ಲಿ, ಪಾಲಿಶ್ ಅಕ್ಕಿ ತಿಂದ ಕೋಳಿಗಳ ಕಾಲು ಬೀಳೋದನ್ನೂ ತೌಡು ಕೊಟ್ಟರೆ ಅವು ಮತ್ತೆ ಓಡಾಡೋದನ್ನೂ ಕಂಡುಕೊಂಡಿದ್ದು, 1929ರಲ್ಲಿ ಅದಕ್ಕೆ ನೊಬೆಲ್ ಬಂದದ್ದು, ಎಲ್ಲ ಪುಸ್ತಕದ ಮಾತು, ಹಳೇ ಕಾಲದ್ದು ಅಂತಲೇ ಅಂದುಕೊಳ್ಳುತ್ತೇವೆ. ಆದರೆ ಬರೀ ಎದೆಹಾಲು ಕುಡಿಯುವ, ಚೆನ್ನಾಗಿ ಬೆಳೆಯುತ್ತಿರುವ ಕೂಸುಗಳಲ್ಲಿ ಹೀಗೆ ಶ್ವಾಸಕೋಶದ ಒತ್ತಡ ದಿಢೀರ್ ಏರಿ, ಥಯಾಮಿನ್ ಕೊಟ್ಟರೆ ಇಳಿಯುವುದನ್ನು ಬೆಂಗಳೂರಿನದೇ ಆದ ಜಯದೇವ ಹೃದ್ರೋಗ ಸಂಸ್ಥೆಯ ವೈದ್ಯರು ಇತ್ತೀಚಿನ ವರ್ಷಗಳಲ್ಲಿ ವರದಿ ಮಾಡಿದ್ದಾರೆ. ತಾಯಂದಿರ ಊಟ ಕೇಳಿದರೆ ಪಾಲಿಶ್ ಅಕ್ಕಿ ಮತ್ತು ಬಾಣಂತಿ ಪಥ್ಯ.

ಮೈಯಲ್ಲಿ ಥಯಾಮಿನ್ ದಾಸ್ತಾನು ಕೆಲವೇ ವಾರದ್ದು. ಊಟದಲ್ಲಿ ಬರದಿದ್ದರೆ ಎದೆಹಾಲಿನಲ್ಲೂ ಕಮ್ಮಿಯಾಗುತ್ತದೆ. ಹಾಲಿನ ಪ್ರಮಾಣ ಕಮ್ಮಿಯಾಗಲ್ಲ, ಅದೇ ಮೋಸ. ಮಗು ಹೊಟ್ಟೆತುಂಬ ಕುಡಿಯುತ್ತದೆ, ತೂಕ ಏರುತ್ತದೆ, ನಮ್ಮ ತೂಕದ ಪಟ್ಟಿಯಲ್ಲಿ ಅದು ಹಸಿರು ಗೆರೆಯ ಮಗು. ಅನ್ನದ ಪಿಷ್ಟವನ್ನು ಶಕ್ತಿಯಾಗಿ ಮಾಡೋಕೆ ಬಿ1 ಬೇಕು, ಅದಿಲ್ಲದಿದ್ದರೆ ಸದಾ ದುಡಿಯುವ ಹೃದಯಕ್ಕೆ ಮೊದಲ ಪೆಟ್ಟು. ಇದನ್ನೇ ಅಜ್ಜಿಗೆ ಆಮೇಲೆ, "ಒಲೆ ತುಂಬ ಸೌದೆ ಇಟ್ಟಿದ್ದೀರಿ, ಬೆಂಕಿಕಡ್ಡಿ ಮಾತ್ರ ಇಲ್ಲ" ಅಂತ ಹೇಳಿದೆ. ತೊಳೆದ ನೀರಲ್ಲಿ ಒಂದಿಷ್ಟು, ಬಸಿದ ಗಂಜಿಯಲ್ಲಿ ಒಂದಿಷ್ಟು ಬಿ1 ಹೋಗುತ್ತದೆ. ಉಳಿದದ್ದರಲ್ಲೂ ಒಂದಿಷ್ಟನ್ನು ಅಡಿಕೆಯ ಒಗರು ಮೈಗೆ ಹತ್ತಲು ಬಿಡುವುದಿಲ್ಲ.

ಆಸ್ಪತ್ರೆಯಲ್ಲಿ ಇದ್ದಾಗ ಒಂದು ಕೆಟ್ಟ ಗಳಿಗೆ ನಡೆಯಿತು. ಅಲ್ಲಿ ಯಾರೋ ಒಬ್ಬರು ಅಜ್ಜಿಗೆ, "ನೀವೇ ಊಟ ಕೊಡದೆ ಈ ಸ್ಥಿತಿಗೆ ತಂದಿದ್ದೀರಿ" ಅಂದುಬಿಟ್ಟರಂತೆ. ಅಲ್ಲಿಗೆ ಮಗಳಿಗೆ ಅರ್ಥವಾಯಿತು, ಹಾಗಾದರೆ ಮೊದಲನೆಯದು? ಎರಡು ದಿನ ಅಮ್ಮ ಮಗಳು ಮಾತಾಡಲಿಲ್ಲ. ಅಜ್ಜಿ ಊಟ ಬಿಟ್ಟರು, ಊರಿಗೆ ಹೊರಡ್ತೀನಿ ಅಂದರು. ಅವರು ಹೊರಟುಹೋಗಿದ್ದರೆ ಆ ಮನೆಯಲ್ಲಿ ಬಾಣಂತಿಗೆ ಒಂದು ಲೋಟ ನೀರು ಕಾಯಿಸಿ ಕೊಡುವವರೂ ಇರುತ್ತಿರಲಿಲ್ಲ. ಬೈದು ತಿದ್ದುತ್ತೀವಿ ಅನ್ನೋರು ಇಷ್ಟನ್ನು ಯೋಚಿಸಬೇಕು.

ನಾನು ಅಜ್ಜಿಯ ಹತ್ತಿರ ಅವರ ಕಾಲದ ಬಾಣಂತನದ ಮಾತು ತೆಗೆದೆ. ಅವರಿಗೂ ಇದೇ ಪಥ್ಯ, ಅವರ ಅಮ್ಮನಿಗೂ ಇದೇ. ಅನ್ನ ಯಾವುದು ಅಂದೆ. "ಮನೇಲೇ ಒನಕೇಲಿ ಕುಟ್ತಿದ್ವಿ. ನೆಲ್ಲಕ್ಕಿ ಅನ್ನ ನಮಗೆಲ್ಲಿ ದಿನಾ ಸಿಕ್ತಿತ್ತು, ಹಬ್ಬಕ್ಕೆ ಒಂದು, ಬಾಣಂತಿಗೆ ಒಂದು. ಬಾಕಿ ದಿನ ಮುದ್ದೇನೇ." ಒನಕೆಯಲ್ಲಿ ಕುಟ್ಟಿದರೆ ತೌಡು ಪೂರ್ತಿ ಹೋಗಲ್ಲ, ಅಕ್ಕಿ ಕೆಂಪಾಗಿ ಉಳಿಯುತ್ತದೆ, ಬಿ1 ಇರೋದು ಆ ತೌಡಿನಲ್ಲಿ. ಏಷ್ಯಾದಲ್ಲಿ ಬೆರಿಬೆರಿ ಹಬ್ಬಿದ್ದೂ ಉಗಿ ಯಂತ್ರದ ಅಕ್ಕಿ ಮಿಲ್ಲುಗಳು ಬಂದಮೇಲೆ. "ಪಥ್ಯ ನಿಮ್ಮಮ್ಮ ಮಾಡಿಸಿದ್ದೇ ಅಜ್ಜಿ, ಅಕ್ಕಿ ಬೇರೆ ಆಗಿದೆ. ಮಿಲ್ಲಿನವರು ತೌಡು ಎಲ್ಲಾ ತೆಗೆದುಬಿಟ್ಟಿದ್ದಾರೆ" ಅಂದೆ. ಸಮಾಧಾನಕ್ಕೆ ಕಟ್ಟಿದ ಮಾತಲ್ಲ ಇದು, ನಡೆದದ್ದೂ ಇದೇ. ಅಜ್ಜಿ ಬಹಳ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ತಪ್ಪು ನಂದಲ್ವಾ?" ಅಂತ ಕೇಳಿದರು. ಅಲ್ಲ ಅಂದೆ. ಮಗಳೂ ಕೇಳಿಸಿಕೊಳ್ಳಲಿ ಅಂತ ಸ್ವಲ್ಪ ಜೋರಾಗಿಯೇ ಅಂದೆ.

ಅಲ್ಲಿಂದ ಮುಂದೆ ಚೌಕಾಸಿ. ಪಥ್ಯದಲ್ಲಿ ಏನು ಬಿಡಿಸಬೇಕು ಅನ್ನೋದಕ್ಕೆ ನಾನು ಕೈಹಾಕಲಿಲ್ಲ, ಏನು ಸೇರಿಸಬಹುದು ಅನ್ನೋದನ್ನಷ್ಟೇ ಹಿಡಿದೆ. ಅಜ್ಜಿಯ ಲೆಕ್ಕದಲ್ಲಿ ಪದಾರ್ಥಕ್ಕೆ ಮೂರು ದೋಷ: ಶೀತ, ವಾಯು, ನಂಜು. ಉಷ್ಣವಾದರೆ ಬಾಣಂತಿಗೆ ಒಳ್ಳೆಯದು. ಸರಿ, ಗೋಧಿ? ಉಷ್ಣ. ಎಳ್ಳು? ಉಷ್ಣ. ಎರಡರಲ್ಲೂ ಬಿ1 ಚೆನ್ನಾಗಿದೆ! ಬೆಳಗ್ಗೆ ತೌಡು ತೆಗೆಯದ ಗೋಧಿ ಹಿಟ್ಟಿನ ಚಪಾತಿ ತುಪ್ಪ ಹಚ್ಚಿ, ಸಂಜೆ ಎಳ್ಳು, ಒಣಕೊಬ್ಬರಿ, ಬೆಲ್ಲದ ಉಂಡೆ. ಹೆಸರುಬೇಳೆ ತಂಪು ಅಂತ ಮೊದಲು ಬೇಡ ಅಂದರು. ಹುರಿದು, ಮೆಣಸು ಜೀರಿಗೆ ಬೆಳ್ಳುಳ್ಳಿ ಹಾಕಿ ಹುಗ್ಗಿ ಮಾಡಿದರೆ? ಹುರಿದರೆ ತಂಪು ಹೋಗುತ್ತದೆ, ಆಗಬಹುದು. ಹುಗ್ಗಿಯ ಇನ್ನೊಂದು ಲಾಭ ಅಜ್ಜಿಗೆ ಹೇಳಲಿಲ್ಲ, ಅದರಲ್ಲಿ ನೀರು ಬಸಿಯೋ ಪ್ರಶ್ನೆಯೇ ಬರಲ್ಲ. ಸಬ್ಬಸಿಗೆ ಸೊಪ್ಪಿಗೆ ಪಕ್ಕದ ಮನೆಯ ರಾಮನಗರದ ಅಜ್ಜಿ ಸಾಕ್ಷಿ ಹೇಳಿದರು, ಅವರ ಕಡೆ ಹಾಲು ಹೆಚ್ಚಲಿ ಅಂತಲೇ ಬಾಣಂತಿಗೆ ಕೊಡುತ್ತಾರೆ. ನನ್ನ ಮಾತಿಗಿಂತ ಆ ಸಾಕ್ಷಿ ಬೇಗ ಕೆಲಸ ಮಾಡಿತು.

ಕುಸುಬಲಕ್ಕಿ ಮಾತ್ರ ಸೋತಿತು. ಭತ್ತವನ್ನೇ ಬೇಯಿಸಿ ಒಣಗಿಸುವುದರಿಂದ ಬಿ1 ಕಾಳಿನ ಒಳಕ್ಕೆ ಇಳಿದಿರುತ್ತದೆ, ಮಿಲ್ಲಿಗೆ ಹಾಕಿದರೂ ಒಂದಷ್ಟು ಉಳಿಯುತ್ತದೆ. ಕರಾವಳಿಯವರ ಅಂಗಡಿಗಳಲ್ಲಿ ಬೆಂಗಳೂರಿನ ಎಲ್ಲ ಕಡೆ ಸಿಗುತ್ತದೆ. ಅಳಿಯ ಹುಡುಕಿ ತಂದರು, ಅಜ್ಜಿ ಒಮ್ಮೆ ಬೇಯಿಸಿ, ವಾಸನೆಗೆ ಮೂಗು ಮುಚ್ಚಿಕೊಂಡು, ಉಳಿದದ್ದನ್ನು ವಾಪಸ್ ಕಳಿಸಿದರು. ಹೋಗಲಿ. ರೇಷನ್ ಅಕ್ಕಿಯಲ್ಲಿ ಬೆರೆತು ಬಂದ ಸಾರವರ್ಧಿತ, ಅಂದರೆ ಪೋಷಕಾಂಶ ಸೇರಿಸಿದ, ಕಾಳನ್ನು ಪ್ಲಾಸ್ಟಿಕ್ ಅಕ್ಕಿ ಅಂತ ಆರಿಸಿ ಎಸೆಯುವ ಮನೆಗಳೂ ಇವೆ, ಅದು ಬೇರೆ ತಲೆನೋವು. ಅದನ್ನು ತಿಂದರೂ ಈ ಕೊರತೆ ತುಂಬಲ್ಲ, ಅದರಲ್ಲಿ ಇರೋದು ಕಬ್ಬಿಣ, ಫೋಲಿಕ್ ಆಮ್ಲ, ಬಿ12. ಹೆರಿಗೆಯಾದ ಮೇಲೆ 180 ದಿನ ನಾವು ಕೊಡುವ ಮಾತ್ರೆಯೂ ಕಬ್ಬಿಣ ಮತ್ತು ಫೋಲಿಕ್ ಆಮ್ಲದ್ದೇ. ಈ ಅಮ್ಮನಿಗೆ ಡಾಕ್ಟರ್ ಬಿ1 ಮಾತ್ರೆ ಬೇರೆಯಾಗಿ ಬರೆದುಕೊಟ್ಟರು, ಮಗುವಿಗೂ ಕೊಟ್ಟರು. ಕೆಲವು ವಾರದಲ್ಲಿ ಅಮ್ಮ ಚೌಕಟ್ಟು ಹಿಡಿಯದೆ ಎದ್ದು ನಿಲ್ಲುವಂತಾದರು.

ಎಲೆ ಅಡಿಕೆ ಪೂರ್ತಿ ನಿಲ್ಲಲಿಲ್ಲ. ಊಟವಾದ ತಕ್ಷಣ ಬೇಡ ಅಂತ ಒಪ್ಪಿದರು, ಸಂಜೆಗೆ ಒಂದು ಸಲ. ನೀರಿಗೆ ದಾರಿ ಸುಲಭವಿತ್ತು: ಜೀರಿಗೆ ನೀರು, ಓಮಿನ ನೀರು, ಬಿಸಿಬಿಸಿಯಾಗಿ ಫ್ಲಾಸ್ಕಿನಲ್ಲಿ, ಪ್ರತಿ ಸಲ ಹಾಲು ಕುಡಿಸಿದ ಮೇಲೆ ಒಂದು ಲೋಟ. ನೀರು ತಡೆಯುವುದು ಸಣ್ಣ ವಿಷಯ ಅಲ್ಲ. ಬಾಣಂತಿಯರ ಮಿದುಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಪ್ರಕರಣಗಳನ್ನು ನಿಮ್ಹಾನ್ಸ್ ವೈದ್ಯರು ದಶಕಗಳಿಂದ ಕಾಣುತ್ತಾ ಬರೆಯುತ್ತಾ ಬಂದಿದ್ದಾರೆ, ಮೈಯಲ್ಲಿ ನೀರು ಕಮ್ಮಿಯಾಗುವುದು ಅದಕ್ಕೆ ಒಂದು ಕಾರಣ. ಸ್ಕಾರ್ಫ್, ಹತ್ತಿ, ಯಂತ್ರ, ಇವು ಯಾವುದನ್ನೂ ಮುಟ್ಟಲಿಲ್ಲ. ಸಾಂಬ್ರಾಣಿ ಹೊಗೆಯನ್ನು ಮಗುವಿನಿಂದ ದೂರ ಇಡಿ ಅಂದೆ, ಅಷ್ಟೇ. ಎಲ್ಲದಕ್ಕೂ ಜಗಳ ಆಡಿದರೆ ಜೀವ ಉಳಿಸುವ ವಿಷಯಕ್ಕೆ ಜಗಳ ಆಡುವಾಗ ನಮ್ಮ ಮಾತಿಗೆ ಬೆಲೆ ಇರಲ್ಲ.

ಇನ್ನು ನಮ್ಮ ವ್ಯವಸ್ಥೆಯ ಕಡೆಗೆ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಆಶಾ ಮನೆಗೆ ಹೋಗೋದು 3, 7, 14, 21, 28 ಮತ್ತು 42ನೇ ದಿನ. ಆಮೇಲಿನ ಮನೆ ಭೇಟಿ ಮೂರನೇ ತಿಂಗಳಿಗೆ. ಈ ರೋಗ ಹೆಚ್ಚಾಗಿ ಕಾಣಿಸಿಕೊಳ್ಳೋದು ಎರಡರಿಂದ ನಾಲ್ಕು ತಿಂಗಳ ಆಸುಪಾಸು, ಅದರ ಮೊದಲ ಭಾಗ ಸರಿಯಾಗಿ ಈ ನಡುವಿನ ಖಾಲಿ ಜಾಗದಲ್ಲಿ ಬೀಳುತ್ತದೆ. ನಡುವೆ 6 ಮತ್ತು 10 ವಾರದ ಲಸಿಕೆ ಇದೆ ನಿಜ, ಆದರೆ ಬಾಣಂತಿ ಹೊರಗೆ ಬರೋ ಹಾಗಿಲ್ಲ, ಮಗುವನ್ನು ಅಪ್ಪನೋ ಅಜ್ಜಿಯೋ ತರುತ್ತಾರೆ. ಮಗು ನಮಗೆ ಸಿಗುತ್ತದೆ, ತಾಯಿ ಸಿಗಲ್ಲ. 2017ರ ಅಕ್ಟೋಬರ್ 2ರಂದು ರಾಜ್ಯದಲ್ಲೆಲ್ಲ ಶುರುವಾದ, ಗರ್ಭಿಣಿ ಬಾಣಂತಿಯರ ಮಾತೃಪೂರ್ಣ ಯೋಜನೆಯ ಊಟದಲ್ಲಿ ಬೇಳೆ, ಮೊಟ್ಟೆ, ಹಾಲು, ಚಿಕ್ಕಿ ಎಲ್ಲ ಇದೆ. ಅಂಗನವಾಡಿಗೆ ಬಂದು ಕೂತು ಉಣ್ಣಬೇಕು ಅನ್ನುವ ಲೆಕ್ಕದಲ್ಲಿ ಮಾಡಿದ ಯೋಜನೆ ಅದು. ಹೊಸಿಲು ದಾಟದ ಮೂರು ತಿಂಗಳಲ್ಲೇ ಆ ಊಟ ಹೆಚ್ಚು ಬೇಕಾಗಿರೋದು ಅನ್ನೋದನ್ನು ಯೋಜನೆ ಬರೆದವರ ಮನೆಯ ಅಜ್ಜಿಯರೇ ಹೇಳಬಹುದಿತ್ತು.

ಈ ಪ್ರಕರಣ ಆದಮೇಲೆ ನಮ್ಮ ಕಡೆ ಎರಡು ಬದಲಾವಣೆ ಮಾಡಿಕೊಂಡೆವು. ಮೊದಲ ಮಗು ವರ್ಷ ತುಂಬುವ ಮೊದಲೇ ತೀರಿಕೊಂಡಿದ್ದರೆ, ಯಾವ ತಿಂಗಳಲ್ಲಿ, ಹೇಗೆ ಅಂತ ಗರ್ಭಿಣಿಯಾಗಿದ್ದಾಗಲೇ ಕೇಳಿ ಬರೆದುಕೊಳ್ಳುತ್ತೇವೆ, ಪಥ್ಯದ ಮಾತನ್ನು ಅಜ್ಜಿ ಅಥವಾ ಅತ್ತೆಯ ಜೊತೆ ಏಳನೇ ತಿಂಗಳಲ್ಲೇ ಶುರು ಮಾಡುತ್ತೇವೆ. ಹೆರಿಗೆ ಆದಮೇಲೆ ಹೊಸಬರ ಮಾತಿಗೆ ಅಲ್ಲಿ ಜಾಗ ಇರಲ್ಲ. ಎರಡನೆಯದು, ಲಸಿಕೆಗೆ ಮಗು ತರುವ ಅಪ್ಪಂದಿರಿಗೆ, ಬಾಣಂತಿ ಮಧ್ಯಾಹ್ನ ಉಣ್ಣುವ ತಟ್ಟೆಯ ಫೋಟೋ ವಾಟ್ಸಾಪ್ ಮಾಡಿ ಅನ್ನುತ್ತೇವೆ. ಕೆಲವರು ನಗುತ್ತಾರೆ, ಕಳಿಸುತ್ತಾರೆ. ಊಟದ ಫೋಟೋ ತೆಗೆದರೆ ದೃಷ್ಟಿ ಆಗುತ್ತೆ ಅನ್ನುವ ಮನೆಗಳಲ್ಲಿ ಒತ್ತಾಯ ಇಲ್ಲ, ಆ ವಾರ ಆಶಾ ಊಟದ ಹೊತ್ತಿಗೇ ಅತ್ತ ಹೋಗಿ ಬರುತ್ತಾರೆ. ಫೋಟೋದಲ್ಲಿ ಬರೀ ಬಿಳಿ ಅನ್ನ ಕಂಡರೆ ನಾನು ಹೋಗುತ್ತೇನೆ. ಇದರಿಂದ ಎಷ್ಟು ಮಕ್ಕಳು ಉಳಿದವು ಅಂತ ಲೆಕ್ಕ ತೋರಿಸೋಕೆ ಆಗಲ್ಲ, ಆಗದೇ ಇದ್ದ ಕಾಯಿಲೆ ಯಾವ ರಿಜಿಸ್ಟರ್‌ನಲ್ಲೂ ಬರಲ್ಲ. ಹಿಂದಿನ ಬೀದಿಯ ಒಂದು ಮನೆಯ ಅತ್ತೆ ಏನೇ ಹೇಳಿದರೂ ಒಪ್ಪಲಿಲ್ಲ. ಅಲ್ಲಿ ಡಾಕ್ಟರಿಂದ ಬಾಣಂತಿಗೆ ಬಿ ಕಾಂಪ್ಲೆಕ್ಸ್ ಮಾತ್ರೆ ಬರೆಸಿ, ಏದುಸಿರು, ದನಿ ಕಟ್ಟೋದು, ಹಾಲು ಬಿಡೋದು, ಈ ಮೂರರಲ್ಲಿ ಒಂದು ಕಂಡರೂ ಕಾಯಬೇಡಿ ಅಂತ ಗಂಡನಿಗೆ ಹೇಳಿಟ್ಟಿದ್ದೇವೆ.

ಲಗ್ಗೆರೆಯ ಮಗುವಿಗೆ ಬಿಟ್ಟುಹೋಗಿದ್ದ ಲಸಿಕೆ ತಡವಾಗಿ ಆಯಿತು, ಆರು ತಿಂಗಳಿಗೆ ರಾಗಿ ಸರಿ ಶುರುವಾಯಿತು, ಎಕೋ ಮತ್ತೆ ಮಾಡಿಸಿದಾಗ ಒತ್ತಡ ಮಾಮೂಲಿಗೆ ಬಂದಿತ್ತು. ಅಮ್ಮ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಿದ್ದಾರೆ. ಅಜ್ಜಿ ಊರಿಗೆ ಹೋಗಿ, ಅಲ್ಲಿ ತಂಗಿ ಮಗಳ ಬಾಣಂತನಕ್ಕೆ ನಿಂತಿದ್ದಾರೆ, ಚಪಾತಿ, ಎಳ್ಳುಂಡೆ, ಹೆಸರುಬೇಳೆ ಹುಗ್ಗಿ ಅಲ್ಲೂ ನಡೆಯುತ್ತಿದೆಯಂತೆ. ತೊಗರಿಬೇಳೆಗೆ ಮಾತ್ರ ಇನ್ನೂ ಜಗ್ಗಿಲ್ಲ. ಹೆಸರುಬೇಳೆ ಇದ್ದರೆ ಸಾಕು, ನಾನೂ ಅದನ್ನು ಎತ್ತಿಲ್ಲ.